ಸೆನೆಟರ್ ಮಾತಿನ ಉಳಿದರ್ಧ

ಅಮೆರಿಕದ ಒಬ್ಬ ಸೆನೆಟರರ ರಾಜಕೀಯ ಬದುಕಿನ ಮೇಲೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಬೇಕೆಂದು ನಮ್ಮ ಮುಖ್ಯ ಸಂಪಾದಕಿ ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ನನಗೇ ಯಾಕೆ?

"ಆತ ಹೊರದೇಶದಿಂದ ಬಂದು ಕೆಲಸ ಮಾಡೋರನ್ನ ವಾಪಸ್ ಕಳಿಸಿ ಅಂತಾನೆ. ನೀನು ಹೊರದೇಶದಿಂದ ಬಂದು ಇಲ್ಲಿ ಕೆಲಸ ಮಾಡ್ತಿದ್ದೀಯ. ನಿನಗೆ ಸಿಟ್ಟು ಬರುತ್ತೆ, ಸಿಟ್ಟಲ್ಲಿ ಚೆನ್ನಾಗಿ ಕೆಲಸ ಮಾಡ್ತೀಯ ಲಾ," ಅಂದರು.

ಅವರು ಸಿಂಗಪುರದಲ್ಲೇ ಹುಟ್ಟಿ ಬೆಳೆದ ಚೀನೀ ಹೆಂಗಸು, ಇಲ್ಲಿನವರಂತೆ ಮಾತಿನ ಕೊನೆಗೆ 'ಲಾ' ಸೇರಿಸುವವರು. ನಗದೆ ತಮಾಷೆ ಮಾಡುವುದು ಅವರಿಗೆ ಸಿದ್ಧಿಸಿತ್ತು. ಅದು 2007. ಸಿಂಗಪುರದಲ್ಲಿ ಎತ್ತ ನೋಡಿದರೂ ಕ್ರೇನು, ಎಲ್ಲರ ಬಾಯಲ್ಲೂ ಹೊಸ ಕಾಂಡೊ ಫ್ಲ್ಯಾಟು, ಹೊಸ ಆಫೀಸಿನ ಮಾತು. ಬ್ಯೂನಾ ವಿಸ್ಟಾದಲ್ಲಿದ್ದ ನಮ್ಮ ಟೆಲಿವಿಷನ್ ಕಂಪನಿಯೂ ಆ ಗಾಳಿಯಲ್ಲಿ ಉಬ್ಬಿ, ಜಗತ್ತಿನ ರಾಜಕಾರಣಿಗಳ ಬಗ್ಗೆ ಒಂದು ಮಾಲಿಕೆ ಶುರು ಮಾಡಿತ್ತು. ಅಲ್ಲಿಯವರೆಗೆ ನಾನು ಬೇರೆಯವರ ಚಿತ್ರಗಳಿಗೆ ಸಂಶೋಧನೆ ಮಾಡಿಕೊಟ್ಟವಳು. ನಿರ್ಮಾಪಕಿ ಎಂದು ನನ್ನ ಹೆಸರು ಬರುವ ಮೊದಲ ಚಿತ್ರ ಇದು. ಹಾಗಾಗಿ ಸಿಟ್ಟಿಗಿಂತ ಖುಷಿಯೇ ಜಾಸ್ತಿಯಾಗಿತ್ತು. ಸೆಂಬವಾಂಗ್‌ನಿಂದ ದಿನಾ ಎಂಆರ್‌ಟಿ ರೈಲಿನಲ್ಲಿ ನೇತಾಡಿಕೊಂಡು ಬಂದದ್ದಕ್ಕೆ ಒಂದು ಅರ್ಥ ಸಿಕ್ಕಿತು ಅನಿಸಿತು.

ಸೆನೆಟ್ ಎಂದರೆ ಅವರ ಸಂಸತ್ತಿನ ಮೇಲ್ಮನೆ. ನಮ್ಮ ರಾಜ್ಯಸಭೆಯ ಹಾಗಲ್ಲ, ಜನರೇ ನೇರವಾಗಿ ಓಟು ಹಾಕಿ ಕಳಿಸುತ್ತಾರೆ, ರಾಜ್ಯಕ್ಕೆ ಇಬ್ಬರೇ. ನಮ್ಮ ಸೆನೆಟರ್ ಹುಟ್ಟಿದ್ದು ನದೀ ತೀರದ ಒಂದು ಸಣ್ಣ ಊರಿನಲ್ಲಿ. ಅಲ್ಲೊಂದು ಗಾಜಿನ ಕಾರ್ಖಾನೆ, ಅದರ ಕುಲುಮೆಯಲ್ಲಿ ಅವರ ತಂದೆ. ಮಗ ವಕೀಲರಾದರು, ಜಿಲ್ಲೆಯ ಸರಕಾರಿ ವಕೀಲರಾದರು, ಭಾನುವಾರ ರೇಡಿಯೋದಲ್ಲಿ ಜನರ ಪ್ರಶ್ನೆಗೆ ಉತ್ತರ ಕೊಡುವ ಕಾರ್ಯಕ್ರಮ ನಡೆಸಿದರು. ಪಕ್ಷದ ದೊಡ್ಡವರು ಬೇಡವೆಂದರೂ ಚುನಾವಣೆಗೆ ನಿಂತು ಗೆದ್ದರು. ಚರ್ಚು, ಕುಟುಂಬ, ಬಂದೂಕು, ಕಡಿಮೆ ತೆರಿಗೆ ಎಂಬ ವಿಷಯಗಳಲ್ಲಿ ಅಪ್ಪಟ ಸಂಪ್ರದಾಯವಾದಿ. ಆದರೆ ಬ್ಯಾಂಕಿನವರನ್ನು ಕಂಡರೆ ಆಗದು, ವಿದೇಶಿ ವ್ಯಾಪಾರ ಒಪ್ಪಂದಗಳೆಂದರೆ ಮೈಯೆಲ್ಲ ಉರಿ. ಸ್ವಂತ ಪಕ್ಷದವರೇ ಆದ ದೇಶದ ಅಧ್ಯಕ್ಷರು ಫೋನ್ ಮಾಡಿ ಕೇಳಿಕೊಂಡರೂ ಅಂಥ ಒಂದು ಒಪ್ಪಂದದ ವಿರುದ್ಧ ಓಟು ಹಾಕಿದವರು. ಗಣಿ ಕಾರ್ಮಿಕರ ಪಿಂಚಣಿಗೆ ಹಟ ಹಿಡಿದು ಕಾನೂನು ಮಾಡಿಸಿದರು, ಆದರೆ ಕಾರ್ಮಿಕ ಸಂಘಗಳಿಗೆ ಬಲ ಕೊಡುವ ಮಸೂದೆ ಬಂದಾಗ ಬೇಡವೆಂದರು. ಹೊರದೇಶದ ಕೆಲಸಗಾರರಿಗೆ ವೀಸಾ ಕೊಡುವುದನ್ನು ವರ್ಷ ವರ್ಷವೂ ವಿರೋಧಿಸಿದರು. ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎಲ್ಲ ದಿಕ್ಕಿಗೂ ಎಳೆಯುವ ಈ ಆಸಾಮಿಯನ್ನು ಒಂದು ಕಥೆಯೊಳಗೆ ಕೂರಿಸುವುದು ನನ್ನ ಕೆಲಸ.

ಕೆಲಸ ಹೀಗೆ ನಡೆಯುತ್ತಿತ್ತು. ಅವರ ರಾಜ್ಯದ ಸ್ಥಳೀಯ ಟಿವಿ ಸ್ಟೇಷನ್ನುಗಳಿಂದ ಹಳೆಯ ಭಾಷಣಗಳ ಟೇಪುಗಳನ್ನು ತರಿಸಿಕೊಂಡೆವು. ಪೆಟ್ಟಿಗೆಗಟ್ಟಲೆ ಬಂದವು. ಅಷ್ಟನ್ನೂ ಕೂತು ನೋಡಲು ಪುರುಸೊತ್ತಿಲ್ಲ, ಆದ್ದರಿಂದ ಧ್ವನಿಯನ್ನಷ್ಟೇ ಬೇರೆ ಮಾಡಿ, ಮಾತುಗಳನ್ನೆಲ್ಲ ಟೈಪ್ ಮಾಡಿ ಕೊಡುವ ಒಂದು ಸಂಸ್ಥೆಗೆ ಇಂಟರ್ನೆಟ್ಟಿನಲ್ಲಿ ಕಳಿಸಿದೆವು. ಆ ಸಂಸ್ಥೆ ಇದ್ದದ್ದು ಮೈಸೂರಿನಲ್ಲಿ. ನಮ್ಮ ದೇಶದ ಕೆಲಸ ಬೇರೆ ದೇಶಕ್ಕೆ ಹೋಗಬಾರದು ಎಂದು ಗಂಟಲು ಹರಿಯುವಂತೆ ಕೂಗಿದ ಭಾಷಣಗಳನ್ನು ಸರಸ್ವತೀಪುರಂನಲ್ಲಿ ಕೂತ ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡಿದರು. ಸೆನೆಟರ್ ಸಾಹೇಬರಿಗೆ ಇದು ಗೊತ್ತಾದರೆ ಇನ್ನೊಂದು ಭಾಷಣ ಗ್ಯಾರಂಟಿ ಎಂದು ನಾನೂ, ಚಿತ್ರ ಕತ್ತರಿಸಿ ಜೋಡಿಸುವ ನಮ್ಮ ಎಡಿಟರೂ ನಕ್ಕೆವು. ಎಡಿಟರ್ ಬೆಂಗಳೂರಿನ ಬಸವನಗುಡಿಯವರು. ಆಫೀಸಿನಲ್ಲಿ ಕನ್ನಡ ಮಾತಾಡಲು ಸಿಗುವ ಒಬ್ಬರೇ ಜೀವ.

ಟೈಪ್ ಆಗಿ ಬಂದ ಹಾಳೆಗಳನ್ನು ಓದಿ, ಬೇಕಾದ ಸಾಲುಗಳಿಗೆ ಗೆರೆ ಹಾಕಿ, ಚಿತ್ರವನ್ನು ಮೊದಲು ಕಾಗದದ ಮೇಲೇ ಕಟ್ಟುವುದು ನಮ್ಮ ಕ್ರಮ. ಓದುತ್ತ ಓದುತ್ತ ಕಥೆ ತಾನಾಗಿ ಎದ್ದು ಬಂತು. ಹಳೆಯ ಭಾಷಣಗಳಲ್ಲಿ ಈ ಮನುಷ್ಯ, "ಪ್ರಾರ್ಥನೆಯಿಂದ ಕಾರ್ಖಾನೆ ನಡೆಯುವುದಿಲ್ಲ. ಲಾಭವಿಲ್ಲದ ಕುಲುಮೆಯನ್ನು ಆರಿಸಲೇಬೇಕು. ಕೆಲಸ ಎಲ್ಲಿದೆಯೋ ಹುಡುಗರು ಅಲ್ಲಿಗೆ ಹೋಗಲಿ," ಎನ್ನುತ್ತಾರೆ. ಹೊಸ ಭಾಷಣಗಳಲ್ಲಿ, "ಗೇಟು ಮುಚ್ಚಲು ಬಂದವರು ಮೊದಲು ನನ್ನನ್ನು ದಾಟಿ ಹೋಗಬೇಕು," ಎನ್ನುತ್ತಾರೆ. ಅಂದರೆ ಓಟಿಗಾಗಿ ಮಾತು ತಿರುಗಿಸಿದವರು. ನನಗೆ ಬೇಕಾದದ್ದೂ ಅದೇ ಆಗಿತ್ತು ಎಂದು ಬೇರೆ ಹೇಳಬೇಕಿಲ್ಲ. ಚಿತ್ರಕ್ಕೆ 'ತಿರುಗಿ ನಿಂತ ಸೆನೆಟರ್' ಎಂದು ಹೆಸರೂ ಇಟ್ಟಾಯಿತು. ಸಂಪಾದಕಿ ಕಾಗದ ನೋಡಿ ಬೆನ್ನು ತಟ್ಟಿದರು, ಪ್ರಸಾರದ ದಿನ ನಿಗದಿ ಮಾಡಿದರು.

ಕಾಗದದ ಮೇಲೆ ಕಟ್ಟಿದ್ದನ್ನು ಎಡಿಟಿಂಗ್ ಕೋಣೆಯಲ್ಲಿ ಚಿತ್ರದೊಡನೆ ಜೋಡಿಸುತ್ತಿದ್ದಾಗ ಒಂದು ಮಧ್ಯಾಹ್ನ ಎಡಿಟರ್ ಕೈ ನಿಲ್ಲಿಸಿದರು.

"ಮೇಡಂ, ಈ ಎರಡು ಶಾಟ್ ಜಾಯಿನ್ ಆಗ್ತಾ ಇಲ್ಲ. ಒಂದೇ ಸ್ಪೀಚು, ಒಂದೇ ಕೋಟು. ಬ್ಯಾಕ್‌ಗ್ರೌಂಡ್ ನೋಡಿ. ಇಲ್ಲಿ ಹಿಂದುಗಡೆ ನೀಲಿ ಕರ್ಟನ್, ಇಲ್ಲಿ ಇಟ್ಟಿಗೆ ಗೋಡೆ."

"ಕ್ಯಾಮೆರಾ ಶಿಫ್ಟ್ ಮಾಡಿರ್ತಾರೆ ಕಣ್ರೀ."

"ಸ್ಪೀಚ್ ಮಧ್ಯದಲ್ಲಾ? ಸಣ್ಣೂರಿನ ಸ್ಟೇಷನ್ನು, ಇರೋದು ಒಂದೇ ಕ್ಯಾಮೆರಾ. ಆ ಪುಣ್ಯಾತ್ಮ ಯಾಕೆ ಅಷ್ಟು ಕಷ್ಟ ಪಡ್ತಾನೆ?"

"ಫುಲ್ ಟೇಪ್ ಓಡಿಸಿ, ನೋಡೋಣ."

ಓಡಿಸಿದರು. ಶಾಲೆಯೊಂದರ ಆಟದ ಹಾಲು, ತುಂಬ ಜನ, ವೇದಿಕೆಯ ಮಧ್ಯೆ ನೀಲಿ ಪರದೆ. ಸೆನೆಟರ್ ಇನ್ನೂ ತಲೆ ತುಂಬ ಕೂದಲಿದ್ದ ಮನುಷ್ಯ. ಮಾತಾಡುತ್ತ ಆಡುತ್ತ ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ನಡೆದು, ವೇದಿಕೆಯ ತುದಿಗೆ ಹೋಗಿ ಇಟ್ಟಿಗೆ ಗೋಡೆಯ ಮುಂದೆ ನಿಂತರು. ಒಂದು ಕೈ ಜೇಬಿಗೆ ಹೋಯಿತು. ಗದ್ದ ಮೇಲಕ್ಕೆ ಹೋಯಿತು. ಜನ ನಕ್ಕರು. ಅಲ್ಲಿ ನಿಂತು, "ಪ್ರಾರ್ಥನೆಯಿಂದ ಕಾರ್ಖಾನೆ ನಡೆಯುವುದಿಲ್ಲ," ಎಂದು ಶುರು ಮಾಡಿ, ಕಾರ್ಖಾನೆ ಮುಚ್ಚಬೇಕೆನ್ನುವವರ ವಾದವನ್ನೆಲ್ಲ ಒಂದೊಂದಾಗಿ ಹೇಳಿದರು. ತಮಾಷೆಗೆ ಶುರುವಾದದ್ದು ತಮಾಷೆಯಾಗಿ ಉಳಿಯಲಿಲ್ಲ. ಜನ ನಗುವುದನ್ನು ಬಿಟ್ಟು ಕೇಳತೊಡಗಿದರು, ಅಷ್ಟು ಗಟ್ಟಿಯಾಗಿತ್ತು ವಾದ. ಆಮೇಲೆ ನಿಧಾನವಾಗಿ ನೀಲಿ ಪರದೆಯ ಮುಂದಕ್ಕೆ ವಾಪಸ್ ಬಂದು, ಕೈ ಜೇಬಿನಿಂದ ತೆಗೆದು, ತಮ್ಮ ಉತ್ತರ ಕೊಟ್ಟರು.

ಇಂಥದ್ದನ್ನು ನಾನು ಮೊದಲೇ ನೋಡಿದ್ದೆ. ಗದಗಿನ ಕಡೆ ನಮ್ಮೂರಿನ ಮಠದಲ್ಲಿ ಶ್ರಾವಣದ ಪ್ರವಚನಕ್ಕೆ ಅಜ್ಜಿ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು. ಪ್ರವಚನ ಹೇಳುವ ಶಾಸ್ತ್ರಿಗಳು ಮೊದಲು ಒಂದು ಮಗ್ಗುಲಿಗೆ ತಿರುಗಿ, ದೇವರಿಲ್ಲ ಎನ್ನುವವನ ದನಿಯಲ್ಲಿ ಮಾತಾಡುತ್ತಿದ್ದರು. ಅವನ ಪರವಾಗಿ ಅವರು ವಾದಿಸುವಾಗ ಎಷ್ಟು ಮುಳುಗುತ್ತಿದ್ದರೆಂದರೆ, ಮುಂದೆ ಕೂತ ಮುದುಕರು "ಸಾಕು ಬಿಡ್ರೀ ಶಾಸ್ತ್ರಿಗಳಽ" ಎಂದು ಗಾಬರಿಯಾಗುತ್ತಿದ್ದರು. ಆಮೇಲೆ ಇತ್ತ ತಿರುಗಿ ಉತ್ತರ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ತನ್ನದನ್ನು ಹೇಳುವ ಈ ಕ್ರಮಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಸೆನೆಟರ್ ಪೂರ್ವಪಕ್ಷ ಹೇಳುತ್ತಿದ್ದರು. ನಾವು ಆ ಪೂರ್ವಪಕ್ಷವನ್ನು ಕತ್ತರಿಸಿ ಅವರದೇ ಅಭಿಪ್ರಾಯ ಎಂದು ಅಂಟಿಸಿದ್ದೆವು. ಉತ್ತರವೂ ಅದೇ ಹಾಳೆಯಲ್ಲಿತ್ತು, ಎರಡೂ ಕಡೆಗೆ ಮಾತಾಡುವ ರಾಜಕಾರಣಿಯ ಜಾಣತನ ಎಂದುಕೊಂಡು ನಾನು ಅದಕ್ಕೆ ಗೆರೆ ಹಾಕಿರಲಿಲ್ಲ.

ಮೈಸೂರಿಗೆ ಫೋನ್ ಮಾಡಿದೆ. ಮೇಲ್ವಿಚಾರಕಿ ಬಹಳ ಸೌಮ್ಯ ಹೆಂಗಸು.

"ಮೇಡಂ, ನಮ್ಮಲ್ಲಿ ಇರೋರೆಲ್ಲಾ ಡಾಕ್ಟ್ರುಗಳ ರಿಪೋರ್ಟ್ ಟೈಪ್ ಮಾಡಿ ಬಂದೋರು. ಕೆಮ್ಮಿದ್ದು, ತಡವರಿಸಿದ್ದು, ಪಕ್ಕದೋರು ನಕ್ಕಿದ್ದು ಎಲ್ಲಾ ತೆಗೆದು ನೀಟಾಗಿ ಕೊಡಬೇಕು ಅಂತ ಟ್ರೈನಿಂಗು. ಅವರು ನಡಕೊಂಡು ಹೋಗಿದ್ದು ನಮಗೆ ಹೆಂಗೆ ಗೊತ್ತಾಗ್ಬೇಕು? ನೀವು ಕಳಿಸಿದ್ದು ಬರೀ ವಾಯ್ಸು."

ಸರಿಯಾಗೇ ಹೇಳಿದ್ದರು. ದೂರುವುದಕ್ಕೆ ಯಾರೂ ಸಿಗಲಿಲ್ಲ. ನೀಟಾಗಿ ಕೆಲಸ ಮಾಡುವವರೆಲ್ಲ ಸೇರಿ ನೀಟಾಗಿ ಒಂದು ಸುಳ್ಳು ತಯಾರು ಮಾಡಿದ್ದೆವು.

ಎಡಿಟರ್ ಕುರ್ಚಿಯಲ್ಲಿ ಹಿಂದಕ್ಕೊರಗಿ, "ಸ್ಟೋರಿನೇ ಹೋಯ್ತಲ್ಲ ಮೇಡಂ," ಅಂದರು. ನಿಜ. ತಿರುಗಿ ನಿಂತ ಸೆನೆಟರ್ ತಿರುಗಿಯೇ ಇರಲಿಲ್ಲ. ಅಂದೂ ಇಂದೂ ಒಂದೇ ಮಾತು. ಆ ಸಂಜೆಯೇ ಸಂಪಾದಕಿಗೆ ಟೇಪ್ ತೋರಿಸಿದೆ. ಪೂರ್ತಿ ನೋಡಿದರು.

"ಇದನ್ನ ಬೇರೆ ಯಾರೂ ಕಂಡುಹಿಡೀತಿರಲಿಲ್ಲ ಅಲ್ವಾ?"

"ಇಲ್ಲ. ಆದ್ರೆ ನಾವು ಕಂಡುಹಿಡಿದಿದ್ದೀವಿ."

"ಒಂದು ವಾರ ಕೊಡ್ತೀನಿ. ಬೇರೆ ಕಥೆ ಸಿಕ್ಕಿದ್ರೆ ಆ ದಿನದ ಸ್ಲಾಟ್ ನಿಂದು. ಸಿಗದಿದ್ರೆ ಬೇರೆಯವರ ಚಿತ್ರ ಹಾಕ್ತೀನಿ. ನಿನ್ನದನ್ನ ಮುಂದೆ ಯಾವಾಗಲಾದ್ರೂ ನೋಡೋಣ."

ಮುಂದೆ ಯಾವಾಗಲಾದರೂ ಎಂದರೆ ಎಂದಿಗೂ ಇಲ್ಲ ಎಂದು ಟಿವಿಯಲ್ಲಿರುವವರಿಗೆಲ್ಲ ಗೊತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವನು ಸೆಂಬವಾಂಗ್ ಶಿಪ್‌ಯಾರ್ಡಿನಲ್ಲಿ ಎಂಜಿನಿಯರ್, ಬಾಗಲಕೋಟೆಯವನು. ಹೊರಗೆ ಎಲ್ಲರ ಜೊತೆ ಬೆಂಗಳೂರು ಕನ್ನಡ ಆಡಿದರೂ ಮನೆಯೊಳಗೆ ಅವನ ನಾಲಿಗೆ ಊರಿಗೆ ಹೋಗುತ್ತದೆ.

"ಅಂವಾ ನಿನ್ನನ್ನ ಊರಿಗೆ ಕಳಸ್ರಿ ಅನ್ನಾಂವ. ಅವನ ಮರ್ಯಾದಿ ಉಳಸಾಕ ನೀ ನಿನ್ನ ಕೆಲಸ ಕಳಕೊಳ್ಳಾಕತ್ತೀಯಲ್ಲ," ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನ ಮರ್ಯಾದೆಗಲ್ಲ, ನನ್ನ ಮರ್ಯಾದೆಗೆ ಎಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮರುದಿನದಿಂದ ನಾನೂ ಎಡಿಟರೂ ಹಾಳೆಗಳನ್ನು ಬದಿಗಿಟ್ಟು, ಟೇಪುಗಳನ್ನು ವರ್ಷದ ಪ್ರಕಾರ ಜೋಡಿಸಿಕೊಂಡು, ಮೊದಲಿನಿಂದ ನೋಡತೊಡಗಿದೆವು. ಮಾತು ಕೇಳುವುದಲ್ಲ, ಮನುಷ್ಯ ಎಲ್ಲಿ ನಿಲ್ಲುತ್ತಾರೆ ಎಂದು ನೋಡುವುದು. ಕಥೆ ಅಲ್ಲೇ ಕೂತಿತ್ತು. ಮೊದಲ ವರ್ಷಗಳಲ್ಲಿ ಪ್ರತಿ ಭಾಷಣದಲ್ಲೂ ಆ ತುದಿಗೆ ಹೋಗುತ್ತಾರೆ, ಬಹಳ ಹೊತ್ತು ಅಲ್ಲೇ ಇರುತ್ತಾರೆ. ಬ್ಯಾಂಕಿನ ಮಾಲೀಕ, ಆಮದು ವ್ಯಾಪಾರಿ, ಬೇರೆ ಪಕ್ಷದವನು, ಎಲ್ಲರ ಪೂರ್ವಪಕ್ಷವೂ ಆಗುತ್ತದೆ. ಕೆಲವು ವರ್ಷಗಳ ನಂತರ ಅರ್ಧ ದಾರಿ ಹೋಗಿ ಒಂದೆರಡು ವಾಕ್ಯ ಹೇಳಿ ವಾಪಸ್. ಆಮೇಲೆ ನಡೆಯುವುದಿಲ್ಲ, ತಲೆಯನ್ನಷ್ಟೇ ಆ ಕಡೆ ವಾಲಿಸಿ ಅಣಕಿಸುತ್ತಾರೆ, ಜನ ಹೋ ಎನ್ನುತ್ತಾರೆ. ಈಚಿನ ಟೇಪುಗಳಲ್ಲಿ ದೊಡ್ಡ ದೊಡ್ಡ ಸಭಾಂಗಣ, ಹಿಂದೆ ಬೃಹತ್ ಬಾವುಟ, ಮುಂದೆ ಭಾಷಣವನ್ನು ನೋಡಿ ಓದಲು ಗಾಜಿನ ಪರದೆ. ಮನುಷ್ಯ ನಿಂತಲ್ಲೇ ನಿಂತಿದ್ದಾರೆ. ಅಭಿಪ್ರಾಯ ಒಂದೂ ಬದಲಾಗಿಲ್ಲ. ಎದುರಾಳಿ ಮಾತ್ರ ವೇದಿಕೆಯಿಂದ ಇಳಿದು ಹೋಗಿದ್ದಾನೆ.

"ಇದು ಮೊದಲನೇದಕ್ಕಿಂತ ಚೆನ್ನಾಗಿದೆ ಮೇಡಂ," ಅಂದರು ಎಡಿಟರ್. ಬಸವನಗುಡಿಯವರು ಸುಲಭಕ್ಕೆ ಹೊಗಳುವುದಿಲ್ಲ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಯಾಕೆ ಹೀಗಾಯಿತು ಎನ್ನುವುದನ್ನು ಹೇಳಬಲ್ಲವರು ಅವರೊಬ್ಬರೇ. ಅವರ ಪತ್ರಿಕಾ ಕಾರ್ಯದರ್ಶಿ ಅದುವರೆಗೆ ಎರಡು ಸಲ ಸಂದರ್ಶನ ಇಲ್ಲ ಎಂದಿದ್ದ. ಅಷ್ಟರಲ್ಲಿ ಅದೃಷ್ಟವೆಂಬಂತೆ, ಬಂದರುಗಳ ಭದ್ರತೆ ನೋಡಲು ಬರುತ್ತಿದ್ದ ಒಂದು ನಿಯೋಗದ ಜೊತೆ ಸೆನೆಟರ್ ಸಿಂಗಪುರಕ್ಕೇ ಬರುವ ಸುದ್ದಿ ಸಿಕ್ಕಿತು. ಮೂರನೇ ಸಲ ಕೇಳಿದೆ. ಈ ಸಲ ಹಳೆಯ ಟೇಪಿನ ವಿಷಯ ಬರೆದೆ: ಸೆನೆಟರ್ ವೇದಿಕೆಯ ಆ ತುದಿಗೆ ಹೋಗುತ್ತಿದ್ದುದರ ಬಗ್ಗೆ ಕೇಳಬೇಕು, ಅಷ್ಟೇ. ಉತ್ತರ ಅದೇ ದಿನ ಬಂತು. ಪಾಸಿರ್ ಪಂಜಾಂಗ್‌ನಲ್ಲಿ ಅವರು ಭೇಟಿ ಕೊಡುವ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಇಪ್ಪತ್ತು ನಿಮಿಷ.

ಆ ಕಚೇರಿಯ ಮೇಲಿನ ಮಹಡಿಯಿಂದ ಕಂಟೇನರ್ ಟರ್ಮಿನಲ್ ಪೂರ್ತಿ ಕಾಣುತ್ತಿತ್ತು. ನಮ್ಮ ಕ್ಯಾಮೆರಾಮನ್, ಮಾತು ಕಡಿಮೆಯ ಮಲಯ್ ಅಂಕಲ್, ಕಿಟಕಿಯ ಬಿಸಿಲಿಗೆ ಬೈದುಕೊಳ್ಳುತ್ತ ದೀಪ ಹೊಂದಿಸಿದರು. ಸಂಪಾದಕಿಯೂ ಬಂದು ಮೂಲೆಯಲ್ಲಿ ಕೂತರು. ಪತ್ರಿಕಾ ಕಾರ್ಯದರ್ಶಿಯ ಜೊತೆ ಸೆನೆಟರ್ ಬಂದರು. ಟಿವಿಯಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ಕೂದಲು ಉದುರಿದ, ಕೈ ಗಟ್ಟಿಯಾಗಿ ಕುಲುಕುವ ಮನುಷ್ಯ. ವ್ಯಾಪಾರದ ಬಗ್ಗೆ, ಪಕ್ಷದ ಬಗ್ಗೆ ಕೇಳಿದ್ದಕ್ಕೆಲ್ಲ ನೂರು ಸಲ ಹೇಳಿದ ಉತ್ತರವನ್ನೇ ಹೇಳಿದರು. ನಾನು ಮಾನಿಟರಿನಲ್ಲಿ ಆ ಶಾಲೆಯ ಹಾಲಿನ ಟೇಪ್ ಹಾಕಿದೆ.

ಅವರು ಬಗ್ಗಿ ನೋಡಿದರು. "ಆ ಕೋಟು ನನ್ನ ಅಣ್ಣನದು," ಅಂದರು. ಇಟ್ಟಿಗೆ ಗೋಡೆಯ ಮುಂದೆ ತಾವು ಮಾತಾಡುವುದನ್ನು ಪೂರ್ತಿ ಕೇಳಿದರು.

"ಇದನ್ನು ಯಾಕೆ ಬಿಟ್ಟಿರಿ?"

"ನಿಮ್ಮಂಥವರು ಬಿಡಿಸಿದರು," ಅಂದರು. ದನಿಯಲ್ಲಿ ಕಹಿಯಿರಲಿಲ್ಲ. "ಒಂದು ಚುನಾವಣೆಯಲ್ಲಿ ನನ್ನ ಎದುರಾಳಿ ಈ ಮಾತುಗಳನ್ನೇ ಕತ್ತರಿಸಿ ಜಾಹೀರಾತು ಮಾಡಿದ. ಕುಲುಮೆ ಆರಿಸಬೇಕು ಅಂತ ಸೆನೆಟರೇ ಹೇಳಿದ್ದಾರೆ ನೋಡಿ ಅಂತ. ಉತ್ತರದ ಭಾಗ ಇಲ್ಲ. ನನ್ನ ತಂದೆಯ ಜೊತೆ ಕೆಲಸ ಮಾಡಿದವರು ರಸ್ತೆಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದರು. ಆಮೇಲೆ ನಾನು ಆ ತುದಿಗೆ ಹೋಗಲಿಲ್ಲ."

ಆ ಎದುರಾಳಿ ಬೇಕೆಂದು ಮಾಡಿದ್ದನ್ನು ನಾವು ತಿಳಿಯದೆ ಮಾಡಿ, ಇನ್ನೇನು ಪ್ರಸಾರ ಮಾಡುವುದರಲ್ಲಿದ್ದೆವು. ಹಾಳೆಯಲ್ಲಿ ಇನ್ನೂ ಪ್ರಶ್ನೆಗಳಿದ್ದವು, ಆದರೆ ನಾನು ಬರೆದುಕೊಳ್ಳದ ಒಂದು ಪ್ರಶ್ನೆ ಕೇಳಿದೆ.

"ಈಗ ಒಂದು ಸಲ ಹೋಗ್ತೀರಾ? ನಾನು ಬೇರೆ ದೇಶದಿಂದ ಬಂದು ಇಲ್ಲಿ ಸರಕಾರ ಕೊಡುವ ಕೆಲಸದ ಪಾಸ್ ಮೇಲೆ ಇರುವವಳು. ನಿಮ್ಮ ರಾಜ್ಯದಲ್ಲಿ ನನ್ನಂಥವರು ಬೇಡ ಅಂತೀರಿ. ನನ್ನ ಪರವಾಗಿ ಮಾತಾಡಿ."

"ಸೆನೆಟರ್, ಬೇಡ," ಎಂದ ಪತ್ರಿಕಾ ಕಾರ್ಯದರ್ಶಿ.

ಸೆನೆಟರ್ ಆಗಲೇ ಎದ್ದಿದ್ದರು. ಕೋಣೆಯಲ್ಲಿ ವೇದಿಕೆಯೇನೂ ಇರಲಿಲ್ಲ. ಒಂದು ಕ್ಷಣ ಅತ್ತಿತ್ತ ನೋಡಿ ಕಿಟಕಿಯ ಬಳಿ ಹೋಗಿ ನಿಂತರು. ಮಲಯ್ ಅಂಕಲ್ ಕ್ಯಾಮೆರಾ ತಿರುಗಿಸಿದರು. ಸೆನೆಟರ್ ಕೈಯನ್ನು ಜೇಬಿಗೆ ಹಾಕಲಿಲ್ಲ, ಗದ್ದ ಎತ್ತಲಿಲ್ಲ. ನಾನು ಮಡಿಲಲ್ಲಿ ಕೈ ಇಟ್ಟು ಕೂತಿದ್ದ ಹಾಗೆಯೇ ತಾವೂ ಎರಡು ಕೈಗಳನ್ನು ಮುಂದೆ ಜೋಡಿಸಿಕೊಂಡರು.

"ನಾನು ಊರು ಬಿಟ್ಟು ಬಂದವಳು. ಯಾರದನ್ನೂ ಕದಿಯಲು ಬಂದವಳಲ್ಲ. ನಿಮ್ಮವರೇ ಕೆಲಸವಿದೆ ಎಂದು ಕರೆದರು, ನಾನು ಬಂದೆ. ನಿಮ್ಮ ಅಜ್ಜನೂ ಹಡಗು ಹತ್ತಿಯೇ ಬಂದದ್ದು, ಸೆನೆಟರ್. ಅವನನ್ನೂ ಬಂದರಿನಲ್ಲಿ ಯಾರೋ ಗುರುಗುಟ್ಟಿ ನೋಡಿರಬೇಕು. ನಾನು ತೆರಿಗೆ ಕಟ್ಟುತ್ತೇನೆ, ಆ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ನಿಮ್ಮ ಮೊಮ್ಮಕ್ಕಳು ಓದುತ್ತಾರೆ. ಕಾರ್ಖಾನೆ ಮುಚ್ಚಿದ್ದು ನಾನಲ್ಲ. ಮುಚ್ಚಿದವರು ಭಾನುವಾರ ನಿಮ್ಮ ಚರ್ಚಿಗೇ ಬರುತ್ತಾರೆ. ಅವರ ಕೈ ಕುಲುಕುತ್ತೀರಿ, ನನಗೆ ಬಾಗಿಲು ತೋರಿಸುತ್ತೀರಿ. ಅವರಿಗೆ ಸಿಟ್ಟು ಬಂದರೆ ನಿಮಗೆ ನಷ್ಟವಿದೆ. ನನಗೆ ಸಿಟ್ಟು ಬಂದರೆ ಯಾರಿಗೇನು?"

ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಇಲ್ಲಿ ಬಂದು ಇಷ್ಟು ವರ್ಷಗಳಲ್ಲಿ ನನ್ನ ಪರವಾಗಿ ನಾನೇ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ.

ಪತ್ರಿಕಾ ಕಾರ್ಯದರ್ಶಿ ಮುಂದೆ ಬಂದ. "ಸಮಯ ಆಯ್ತು, ನಿಯೋಗ ಕೆಳಗೆ ಕಾಯ್ತಿದೆ," ಎಂದು ಸೆನೆಟರರ ಕೋಟಿನಿಂದ ಮೈಕನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟ, ಅವರ ತೋಳು ಹಿಡಿದು ನಡೆಸಿಕೊಂಡು ಹೋದ. ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಯಿತು.

ಸಂಪಾದಕಿ ಮೂಲೆಯಿಂದ ಎದ್ದು ಬಂದರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಸಿಕ್ಕಿತು. ವಿದೇಶಿಯರ ಪರ ಸೆನೆಟರ್. ಇದು ಇವತ್ತು ಸಂಜೆಯೇ ಎಲ್ಲಾ ಚಾನೆಲ್ಲಿಗೂ ಹೋಗುತ್ತೆ."

"ಅವರು ಉತ್ತರ ಕೊಟ್ಟಿಲ್ಲ," ಅಂದೆ.

"ನಮಗ್ಯಾಕೆ ಲಾ ಉತ್ತರ?"

"ಅದಿಲ್ಲದೆ ಹೋದ್ರೆ ಇದು ಆ ಜಾಹೀರಾತೇ ಅಲ್ವಾ?"

ಸಂಪಾದಕಿ ಏನೆನ್ನುತ್ತಾರೆಂದು ಕಾಯಲಿಲ್ಲ. ಮಲಯ್ ಅಂಕಲ್ ಕಡೆ ನೋಡಿದೆ. ಅವರು ಆಗಲೇ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಡಿಸಿ ಹೆಗಲಿಗೇರಿಸಿದ್ದರು. ಲಿಫ್ಟು ಕೆಳಗೆ ಹೋಗಿಯಾಗಿತ್ತು. ಮೆಟ್ಟಿಲು ಇಳಿದೆವು. ಸೀರೆ ಉಟ್ಟುಕೊಂಡು ಬಂದ ನನ್ನ ಬುದ್ಧಿಗೆ ಪ್ರತಿ ಮಹಡಿಯಲ್ಲೂ ಬೈದುಕೊಂಡೆ. ಕಟ್ಟಡದ ಮುಂದೆ ಕಾರುಗಳು ಸಾಲಾಗಿ ನಿಂತಿದ್ದವು, ಸೆನೆಟರ್ ಒಳಗೆ ಕೂತಾಗಿತ್ತು. ಕಾರಿನ ಗಾಜು ತಟ್ಟಿದೆ. ಕಾರ್ಯದರ್ಶಿ ಅಡ್ಡ ಬಂದ. ಗಾಜು ಇಳಿಯಿತು.

"ಸರ್, ನಿಮ್ಮ ಉತ್ತರ ಉಳೀತು."

"ಬೇಕಾ?" ಅಂದರು ಸೆನೆಟರ್. "ಅದು ನಿಮಗೆ ವಿರುದ್ಧವಾಗಿರುತ್ತೆ."

"ಬೇಕು. ಅದನ್ನ ಬಿಟ್ಟು ಮೊದಲಿನದನ್ನ ತೋರಿಸೋಕೆ ನನಗಾಗಲ್ಲ."

ಅವರು ಕಾರ್ಯದರ್ಶಿಗೆ ಕಾಯಲು ಹೇಳಿ ಕಾರಿನಿಂದ ಇಳಿದರು. ಕಂಟೇನರ್ ಲಾರಿಗಳು ರಸ್ತೆಯಲ್ಲಿ ಗುಡುಗುತ್ತಿದ್ದವು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮಲಯ್ ಅಂಕಲ್ ಒಂದು ಮೊಣಕಾಲೂರಿ ಕ್ಯಾಮೆರಾ ಹಿಡಿದರು. ಸೆನೆಟರ್ ಕ್ಯಾಮೆರಾವನ್ನು ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದರು.

"ನೀವು ಒಳ್ಳೆಯ ಕೆಲಸಗಾರ್ತಿ. ನಿಮ್ಮ ತಪ್ಪೇನೂ ಇಲ್ಲ, ಕಷ್ಟ ಇರುವುದೇ ಅಲ್ಲಿ. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ನಿಮ್ಮ ಜಾಣತನ ಎಷ್ಟು ಇಷ್ಟವೋ ನಿಮ್ಮ ಅಂಜಿಕೆಯೂ ಅಷ್ಟೇ ಇಷ್ಟ. ಕೆಲಸ ಮಾಡುವ ದೇಶದಲ್ಲಿ ನಿಮಗೆ ಓಟಿಲ್ಲ. ಎದುರು ಮಾತಾಡಿದರೆ ಊರಿಗೆ ಹೋಗಬೇಕು. ಅಂಥವರು ಸಿಗುವಾಗ ಎದುರು ಮಾತಾಡುವ ನಮ್ಮೂರಿನವನು ಯಾವ ಮಾಲೀಕನಿಗೆ ಬೇಕು? ನನ್ನ ನೆರೆಯವನನ್ನು ಹೊಡೆಯಲು ನಿಮ್ಮನ್ನು ಕೋಲು ಮಾಡಿಕೊಂಡಿದ್ದಾರೆ. ಕೋಲಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಏಟು ತಿನ್ನುವವನು ನನಗೆ ಓಟು ಹಾಕಿದವನು. ಅದಕ್ಕೇ ನಿಮ್ಮನ್ನು ಮನೆಗೆ ಕಳಿಸಿ ಎನ್ನುತ್ತೇನೆ. ಹೇಳಲು ನನಗೆ ಖುಷಿಯಿಲ್ಲ, ಆದರೂ ಹೇಳುತ್ತೇನೆ."

ಅದು ನಾಟಿತು. ಹೊಸ ಪಾಸಿಗಾಗಿ ಆಫೀಸಿನವರ ಸಹಿ ಬೇಕಾದಾಗಲೆಲ್ಲ ನಾನು ಎಷ್ಟು ಮೆದುವಾಗಿ ಮಾತಾಡುತ್ತೇನೆ ಎನ್ನುವುದು ಈ ಮನುಷ್ಯನಿಗೆ ಹೇಗೆ ಗೊತ್ತು ಎನಿಸಿತು. ಅವರು ಹೇಳಿದ್ದನ್ನು ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

"ಯಾರು ಗೆದ್ದರು?" ಎಂದು ಕೇಳಿದರು, ಕಾರು ಹತ್ತುತ್ತ.

"ನೋಡೋರು ಹೇಳ್ತಾರೆ, ಸರ್."

ಆಫೀಸಿನಲ್ಲಿ ನಿಜವಾದ ಜಗಳ ಆಗಷ್ಟೇ ಶುರುವಾಯಿತು. ಕಿಟಕಿಯ ಬಳಿಯ ಮಾತನ್ನು ಮೊದಲು ಬೇರೆ ಚಾನೆಲ್ಲುಗಳಿಗೆ ಕೊಟ್ಟು, ಉತ್ತರವನ್ನು ಚಿತ್ರದಲ್ಲಿ ಇಟ್ಟರಾಯಿತಲ್ಲ ಎಂದು ಸಂಪಾದಕಿ ಹೇಳಿದರು. ಎರಡೂ ಜೊತೆಯಲ್ಲೇ ಒಂದರ ಬೆನ್ನಿಗೆ ಇನ್ನೊಂದು ಹೋಗಬೇಕು, ಎರಡರ ಒಳಗೂ ಒಂದು ಕಟ್ ಕೂಡ ಬೇಡ, ಇಲ್ಲವಾದರೆ ನನ್ನ ಹೆಸರು ತೆಗೆಯಿರಿ ಎಂದೆ. ಅಂಜಿಕೆಯ ಬಗ್ಗೆ ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಕೇಳಿಸಿಕೊಂಡಿದ್ದೆನಲ್ಲ, ಅದೂ ಧೈರ್ಯ ಕೊಟ್ಟಿರಬೇಕು. ಅವರು ಎರಡನ್ನೂ ಮತ್ತೊಂದು ಸಲ ನೋಡಿದರು. ಮೊದಲಿನದನ್ನು ಮಾತ್ರ ನೋಡಿದಾಗ ಮುಖದಲ್ಲಿದ್ದ ನಗು ಎರಡನೆಯದು ಮುಗಿಯುವಷ್ಟರಲ್ಲಿ ಹೋಗಿತ್ತು. "ಇದು ಜನರನ್ನ ಸುಮ್ಮನೆ ಕೂರಲು ಬಿಡಲ್ಲ," ಎಂದರು. ಟೇಪ್ ನಿಲ್ಲಿಸಿ, "ಸರಿ, ಜೊತೆಗೇ ಹೋಗಲಿ," ಎಂದರು.

"ಸೆಕೆಂಡ್ ಪಾರ್ಟ್ ಸೌಂಡ್ ಹಾಳಾಗಿದೆ ಮೇಡಂ. ಬರೀ ಲಾರಿ ಸದ್ದು," ಎಂದು ಎಡಿಟರ್ ಗೊಣಗಿದರು. ಎಷ್ಟು ಕ್ಲೀನ್ ಮಾಡಬಹುದೋ ಅಷ್ಟು ಮಾಡಿ, ಒಂದೇ ಒಂದು ಪದವನ್ನೂ ತೆಗೆಯಬೇಡಿ ಎಂದೆ. ಅವರು ಎರಡು ದಿನ ಅದರ ಮೇಲೇ ಕೂತರು. ಚಿತ್ರದ ಹೆಸರು ಬದಲಾಯಿತು. ಎಂದಿನಂತೆ ನಾಲ್ಕು ಸೆಕೆಂಡಿಗೊಂದು ಶಾಟ್ ಬದಲಾಗುವ ನಮ್ಮ ಮಾಲಿಕೆಯಲ್ಲಿ, ಒಬ್ಬ ಮನುಷ್ಯ ಅಷ್ಟು ಹೊತ್ತು ಅಡೆತಡೆಯಿಲ್ಲದೆ, ಮೊದಲು ಎದುರಾಳಿಯಾಗಿ ಆಮೇಲೆ ತಾನಾಗಿ ಮಾತಾಡಿದ್ದು ಅದೊಂದರಲ್ಲೇ.

ಪ್ರಸಾರವಾದ ದಿನ ಗಂಡ ಪೂರ್ತಿ ನೋಡಿದ. ಮುಗಿದ ಮೇಲೆ, "ಕಾರಿನ ಹತ್ರ ಅಂವಾ ಅಂದಿದ್ದು ಮನಸಿಗೆ ನಾಟ್ತು," ಅಂದ. ಊಟಕ್ಕೆ ಕೂತರೂ ಬಿಡದೆ ಅದನ್ನೇ ವಾದ ಮಾಡಿದೆವು, ರೊಟ್ಟಿ ಆರಿ ಹೋಯಿತು. ಮರುದಿನ ಪತ್ರಿಕಾ ಕಾರ್ಯದರ್ಶಿ ಫೋನ್ ಮಾಡಿ, ಮೊದಲ ಭಾಗ ಇಡಬಾರದಿತ್ತು ಎಂದು ಕೂಗಾಡಿದ. ವೀಸಾ ಬೇಕೆನ್ನುವ ಒಂದು ಗುಂಪಿನವರು ಫೋನ್ ಮಾಡಿ, ಎರಡನೆಯ ಭಾಗ ಇಡಬಾರದಿತ್ತು ಎಂದು ಕೂಗಾಡಿದರು. ಸೆನೆಟರ್ ಮಾತ್ರ ಏನೂ ಹೇಳಲಿಲ್ಲ. ಅವರು ಮತ್ತೆ ಆ ತುದಿಗೆ ಹೋಗಿ ನಿಂತರೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲೆ ನಾನು ಎಷ್ಟೋ ಚಿತ್ರ ಮಾಡಿದ್ದೇನೆ, ಒಂದೆರಡಕ್ಕೆ ಪ್ರಶಸ್ತಿಯೂ ಬಂದಿದೆ. ನಿನ್ನ ಕೆಲಸದಲ್ಲಿ ನಿನಗೆ ಹೆಮ್ಮೆ ಯಾವುದು ಎಂದು ಯಾರಾದರೂ ಕೇಳಿದರೆ ಲಾರಿ ಸದ್ದು ತುಂಬಿದ ಇದನ್ನೇ ತೋರಿಸುತ್ತೇನೆ. ನನ್ನನ್ನು ಮನೆಗೆ ಕಳಿಸಬೇಕು ಎನ್ನುವುದಕ್ಕೆ ನಾನು ಕೇಳಿದ ಅತ್ಯಂತ ಗಟ್ಟಿ ವಾದ ಈ ಚಿತ್ರದಲ್ಲಿದೆ. ಮೆಟ್ಟಿಲಿಳಿದು ಓಡಿ ಹೋಗಿ ಅದನ್ನು ತಂದವಳು ನಾನೇ.